ಹಬ್ಬದ ರಾತ್ರಿಯ ಊಟಕ್ಕೆ ಮೂವತ್ತು ಬಗೆ ಬೇಡ, ಆರು ಸಾಕು

ಸಂಪಾದಕರಿಗೆ ನಮಸ್ಕಾರ.

ದೀಪಾವಳಿ ಹತ್ತಿರ ಬಂತು. ಇನ್ನೇನು ಹಬ್ಬದ ಪುರವಣಿಗಳು ಬರುತ್ತವೆ, ಅವುಗಳಲ್ಲಿ ಪುಟಗಟ್ಟಲೆ ಅಡುಗೆಯೂ ಬರುತ್ತದೆ. ನಾನು ಆ ಪುಟಗಳನ್ನು ಬಿಡದೆ ಓದುವವಳು, ಕತ್ತರಿಸಿ ಇಟ್ಟುಕೊಳ್ಳುವವಳು. ಅದಕ್ಕೇ ಈ ಪತ್ರ. ಮೂವತ್ತು ತಿಂಡಿ, ಇಪ್ಪತ್ತು ಪಾಯಸ, ಹತ್ತು ಬಗೆ ಪನೀರ್ ಅಂತ ಬಿಡಿಬಿಡಿಯಾಗಿ ಕೊಟ್ಟುಬಿಟ್ಟರೆ ಮುಂಬೈಯಂಥ ಊರಿನಲ್ಲಿ ಹಬ್ಬಕ್ಕೆ ನಾಲ್ಕು ಜನರನ್ನು ಊಟಕ್ಕೆ ಕರೆಯಬೇಕು ಅಂದುಕೊಂಡವರಿಗೆ ಏನೂ ಸಹಾಯ ಆಗುವುದಿಲ್ಲ. ಯಾವುದರ ಜೊತೆ ಯಾವುದು ಹೊಂದುತ್ತದೆ? ಯಾವುದನ್ನು ಹಿಂದಿನ ದಿನವೇ ಮಾಡಿಡಬಹುದು? ಎರಡೇ ಒಲೆಯ ಗ್ಯಾಸಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ? ಇದನ್ನು ಯಾರೂ ಬರೆಯುವುದಿಲ್ಲ. ನಮಗೆ ಬೇಕಾಗಿರುವುದು ಅದೇ.

ಇಲ್ಲಿನ ಹೆಚ್ಚಿನ ಮನೆಗಳು ಚಿಕ್ಕವು. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಬರುವ ನೆಂಟರು ವಿರಾರಿನಿಂದಲೋ ಪನ್ವೇಲಿನಿಂದಲೋ ಲೋಕಲ್ ಹಿಡಿದು ಬರಬೇಕು, ರಾತ್ರಿ ಮತ್ತೆ ಅದೇ ದಾರಿಯಲ್ಲಿ ವಾಪಸು ಹೋಗಬೇಕು. ಹೀಗಿರುವಾಗ ಪುರವಣಿಯ ಚಿತ್ರದಲ್ಲಿ ಕಾಣುವ ಆ ದೊಡ್ಡ ತಟ್ಟೆ, ಅದರ ಸುತ್ತ ಇಪ್ಪತ್ತು ಬಟ್ಟಲು, ಅದನ್ನು ನೋಡಿದರೆ ಕರೆಯುವ ಮನಸ್ಸೇ ಹೋಗಿಬಿಡುತ್ತದೆ. ಕೆಲವರು ಸುಮ್ನೆ ಹೋಟೆಲಿನಿಂದ ತರಿಸಿಬಿಡುತ್ತಾರೆ. ಇನ್ನು ಕೆಲವರು ಕರೆಯುವುದನ್ನೇ ಬಿಟ್ಟಿದ್ದಾರೆ. ನನಗೆ ನಿಜವಾಗಿ ಬೇಜಾರಾಗುವುದು ಈ ಎರಡನೆಯದಕ್ಕೆ. ಪರವೂರಿನಲ್ಲಿ ಇರುವ ನಮಗೆ ಹಬ್ಬ ಅಂದರೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದೇ ಅಲ್ವಾ?

ಹಬ್ಬದ ಊಟ ಚೆಂದ ಕಾಣುವುದಕ್ಕೆ ಬಗೆಗಳ ಲೆಕ್ಕ ಕಾರಣ ಅಲ್ಲ. ಆರು ಬಗೆ ಸಾಕು. ಆರೂ ಒಂದರ ಪಕ್ಕ ಒಂದು ಹೊಂದಬೇಕು, ನೆಂಟರು ಬಾಗಿಲು ತಟ್ಟಿದ ಮೇಲೆ ಒಲೆಯ ಮುಂದೆ ನಿಂತು ಮಾಡುವಂಥದ್ದು ಅದರಲ್ಲಿ ಒಂದೂ ಇರಬಾರದು. ಪೂರಿ, ದೋಸೆ, ಬಜ್ಜಿ, ಬಿಸಿ ಹೋಳಿಗೆ ಎಲ್ಲವೂ ರುಚಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಅವನ್ನು ಮಾಡುವವರು ಊಟಕ್ಕೆ ಕೂರುವುದಿಲ್ಲ. ಎಲ್ಲರೂ ನಗುತ್ತಾ ಮಾತಾಡುವಾಗ ಮನೆಯಾಕೆ ಒಳಗೆ ಎಣ್ಣೆಯ ಮುಂದೆ ಬೆವರುತ್ತಾ ನಿಂತಿರುವ ಊಟವನ್ನು ನಾನು ಹಬ್ಬದ ಊಟ ಅಂತ ಒಪ್ಪುವುದಿಲ್ಲ.

ದೀಪಾವಳಿಗೆ ಇನ್ನೂ ಒಂದು ವಿಷಯ ಇದೆ. ಇಲ್ಲಿ ಆ ವಾರವಿಡೀ ಮನೆಮನೆಯಲ್ಲಿ ಫರಾಳ. ಚಕ್ಕುಲಿ, ಚಿವಡಾ, ಕರಂಜಿ, ಶಂಕರಪಾಳಿ, ಅನಾರ್ಸೆ, ಜೊತೆಗೆ ಪಕ್ಕದ ಮನೆಯವರು ಕೊಟ್ಟ ಡಬ್ಬಿ, ಆಫೀಸಿನಲ್ಲಿ ಕೊಟ್ಟ ಮಿಠಾಯಿ. ಬೆಳಗಿನಿಂದ ಎಣ್ಣೆ ಸಕ್ಕರೆ ತಿಂದು ಬಂದವರಿಗೆ ರಾತ್ರಿ ಮತ್ತೆ ಪನೀರ್ ಬಟರ್ ಮಸಾಲ, ಜೀರಾ ರೈಸ್, ಗುಲಾಬ್ ಜಾಮೂನು ಬಡಿಸಿದರೆ ಅರ್ಧ ತಟ್ಟೆಯಲ್ಲೇ ಬಿಡುತ್ತಾರೆ. ಅವರಿಗೆ ಬೇಕಾಗಿರುವುದು ಹುಳಿ, ಖಾರ, ಹಸಿ ತರಕಾರಿ, ಬಿಸಿ ಅನ್ನ. ಅದು ನಮ್ಮ ಕರಾವಳಿಯ, ಮಲೆನಾಡಿನ ಅಡುಗೆಯಲ್ಲಿ ಬೇಕಾದಷ್ಟಿದೆ. ಶಾಕಾಹಾರಿ ಔತಣ ಅಂದ ತಕ್ಷಣ ಪನೀರ್ ಯಾಕೆ ಬರಬೇಕು ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಯಾವ ದಿನ ಕರೆಯಬೇಕು ಅನ್ನುವುದನ್ನೂ ಯೋಚಿಸಬೇಕು. ಲಕ್ಷ್ಮೀಪೂಜೆಯ ಸಂಜೆ ಎಲ್ಲರಿಗೂ ಅವರವರ ಮನೆಯದೇ ಗಡಿಬಿಡಿ. ಪಾಡ್ಯದ ರಾತ್ರಿ ಒಳ್ಳೆಯದು. ಅದರ ಮರುದಿನ ಭಾವುಬೀಜ್, ಮರಾಠಿ ಗೆಳೆಯರಲ್ಲಿ ಅಣ್ಣತಮ್ಮಂದಿರು ಅಕ್ಕತಂಗಿಯರ ಮನೆಗೆ ಹೋಗುವ ದಿನ, ಅವರನ್ನು ಆ ದಿನ ಕರೆದು ಮುಜುಗರಕ್ಕೆ ಹಾಕಬೇಡಿ.

ಈಗ ಆರು ಬಗೆ ಯಾವುದು ಅಂತ ಹೇಳುತ್ತೇನೆ. ಎಂಟು ಜನರ ಲೆಕ್ಕ. ಕುಡಿಯಲು ಸಾರು, ಕೋಸಂಬರಿ, ತೊಂಡೆಕಾಯಿ ಗೇರುಬೀಜದ ಪಲ್ಯ, ಅನಾನಸಿನ ಮೆಣಸ್ಕಾಯಿ, ಅನ್ನ ತೊವ್ವೆ ತುಪ್ಪ, ಕೊನೆಗೆ ಶ್ರೀಖಂಡ. ಚಪಾತಿ ಬೇಕು ಅನ್ನುವವರಿಗೆ ಹತ್ತಿರದ ಪೋಳಿ-ಭಾಜಿ ಕೇಂದ್ರದಿಂದ ಪೋಳಿ, ಅಂದರೆ ಮರಾಠಿಯವರ ಚಪಾತಿ, ತರಿಸಿ. ಡೊಂಬಿವಿಲಿ, ಠಾಣೆ, ದಾದರ್ ಕಡೆ ಇಂಥ ಕೇಂದ್ರಗಳಿಗೆ ಕೊರತೆ ಇಲ್ಲ. ಮೃದುವಾದ ಪೋಳಿ ಸಿಗುತ್ತದೆ, ಮಾಡುವ ಹೆಂಗಸರಿಗೂ ನಾಲ್ಕು ಕಾಸು ಆಗುತ್ತದೆ. ಹಬ್ಬದ ದಿನ ರಜಾ ಇರಬಹುದು, ಮೊದಲೇ ಕೇಳಿ ಹೇಳಿಟ್ಟುಬಿಡಿ.

ಮೆಣಸ್ಕಾಯಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಈ ಊಟಕ್ಕೆ ಅದೇ ರಾಣಿ. ಪನೀರಿನ ಜಾಗಕ್ಕೆ ಧೈರ್ಯವಾಗಿ ಇದನ್ನು ಇಡಬಹುದು. ಒಂದು ಹದವಾದ ಅನಾನಸು, ತೀರಾ ಹಣ್ಣಾದದ್ದು ಬೇಡ, ಬೇಯುವಾಗ ಕರಗಿಹೋಗುತ್ತದೆ. ಸಣ್ಣ ಹೋಳು ಮಾಡಿ ಅರಿಶಿನ, ಉಪ್ಪು, ಬೆಲ್ಲ, ಸ್ವಲ್ಪ ಹುಣಸೆ ರಸ ಹಾಕಿ ಬೇಯಿಸಲು ಇಡಿ. ಎರಡು ಚಮಚ ಎಳ್ಳನ್ನು ಎಣ್ಣೆ ಹಾಕದೆ ಚಟಪಟ ಅನ್ನುವ ತನಕ ಹುರಿಯಿರಿ. ಬೇರೆಯಾಗಿ ಒಂದು ಚಮಚ ಉದ್ದಿನಬೇಳೆ, ಕಾಲು ಚಮಚ ಮೆಂತೆ, ಏಳೆಂಟು ಬ್ಯಾಡಗಿ ಮೆಣಸು, ಇಷ್ಟನ್ನು ಸ್ವಲ್ಪ ತೆಂಗಿನೆಣ್ಣೆಯಲ್ಲಿ ಹುರಿಯಿರಿ. ಮೆಂತೆ ಕಪ್ಪಾದರೆ ಇಡೀ ಪಾತ್ರೆ ಕಹಿ, ಅಲ್ಲಿ ಮಾತ್ರ ಕಣ್ಣಿಟ್ಟಿರಿ. ಇದೆಲ್ಲವನ್ನೂ ಒಂದು ಕಪ್ ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ ಬೆಂದ ಹೋಳುಗಳಿಗೆ ಹಾಕಿ ಚೆನ್ನಾಗಿ ಕುದಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಡಿ. ಬ್ಯಾಡಗಿಯನ್ನೇ ಬಳಸಿ ಅಂತ ಹೇಳುವುದಕ್ಕೆ ಕಾರಣ ಇದೆ, ಅದು ಬಣ್ಣ ಜಾಸ್ತಿ ಕೊಡುತ್ತದೆ, ಖಾರ ಕಡಿಮೆ. ಗುಜರಾತಿ ನೆರೆಯವರೂ ಮಕ್ಕಳೂ ಆರಾಮಾಗಿ ತಿನ್ನುತ್ತಾರೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸು ಮುಂಬೈಯ ಮಾಟುಂಗದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಇದನ್ನು ಹಿಂದಿನ ರಾತ್ರಿಯೇ ಮಾಡಬೇಕು. ಮರುದಿನಕ್ಕೆ ಹುಳಿ, ಸಿಹಿ, ಖಾರ ಮೂರೂ ಹೋಳಿನೊಳಗೆ ಇಳಿದು ರುಚಿ ಏರುತ್ತದೆ. ಆರಿದ ಮೇಲೆ ಮರೆಯದೆ ಫ್ರಿಜ್ಜಿನಲ್ಲಿಡಿ, ಈ ಊರಿನ ಅಕ್ಟೋಬರ್ ಹೀಟಿನಲ್ಲಿ ಕಾಯಿ ಹಾಕಿದ ಪದಾರ್ಥ ಹೊರಗಿಟ್ಟರೆ ಹಳಸುತ್ತದೆ.

ಶ್ರೀಖಂಡವೂ ಹಿಂದಿನ ದಿನದ ಕೆಲಸ. ಅಂಗಡಿಯ ಡಬ್ಬಿ ತರಬೇಡಿ. ಅದಕ್ಕಿಂತ ಸುಲಭದ ದಾರಿ ಇಲ್ಲೇ ಇದೆ. ಹಬ್ಬದ ದಿನಗಳಲ್ಲಿ ಇಲ್ಲಿನ ಡೇರಿಗಳಲ್ಲಿ ಚಕ್ಕಾ ಮಾರುತ್ತಾರೆ, ಅಂದರೆ ನೀರು ಬಸಿದ ಗಟ್ಟಿ ಮೊಸರು. ದಸರಾ ಮತ್ತು ಗುಡಿಪಾಡ್ವಾಕ್ಕೆ ಇದಕ್ಕೆ ಸಾಲು ಹಚ್ಚುತ್ತಾರೆ, ದೀಪಾವಳಿಗೂ ಕೇಳಿದರೆ ಸಿಗುತ್ತದೆ. ಅರ್ಧ ಕಿಲೋ ಚಕ್ಕಾಕ್ಕೆ 300 ರಿಂದ 350 ಗ್ರಾಂ ಸಕ್ಕರೆ ಸಾಕು, ಜಾಸ್ತಿ ಸಿಹಿ ಬೇಕಾದವರು ಇನ್ನಷ್ಟು ಹಾಕಲಿ. ಬೆರೆಸಿ ಒಂದು ಗಂಟೆ ಬಿಡಿ, ಸಕ್ಕರೆ ತಾನೇ ಕರಗುತ್ತದೆ. ಆಮೇಲೆ ಸಣ್ಣ ಕಣ್ಣಿನ ಜರಡಿಯಲ್ಲಿ ಒತ್ತಿ ಇಳಿಸಿದರೆ ಬೆಣ್ಣೆಯ ಹಾಗೆ ನುಣುಪು ಬರುತ್ತದೆ. ಈ ಜರಡಿಯ ಕೆಲಸ ಬಿಟ್ಟರೆ ಗಂಟುಗಂಟು ಉಳಿಯುತ್ತದೆ, ಹಾಗಾಗಿ ಬಿಡಬೇಡಿ. ಒಂದು ಚಮಚ ಬಿಸಿ ಹಾಲಿನಲ್ಲಿ ನೆನೆಸಿದ ಕೇಸರಿ, ಏಲಕ್ಕಿ, ಮರಾಠಿ ಮನೆಗಳಲ್ಲಿ ಮಾಡುವಂತೆ ಚಿಟಿಕೆ ಜಾಯಿಕಾಯಿ. ಚಕ್ಕಾ ಸಿಗದಿದ್ದರೆ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಜರಡಿಯ ಮೇಲಿಟ್ಟು ರಾತ್ರಿಯಿಡೀ ಫ್ರಿಜ್ಜಿನೊಳಗೇ ಬಸಿಯಲು ಬಿಡಿ. ಹೊರಗೆ ತೂಗುಹಾಕಿದರೆ ಬೆಳಗ್ಗೆ ಹುಳಿ ಬಂದಿರುತ್ತದೆ. ಬಡಿಸುವಾಗ ಸಣ್ಣ ಬಟ್ಟಲು ಸಾಕು, ವಾರವೆಲ್ಲ ಸಿಹಿ ತಿಂದ ಬಾಯಿಗೆ ತಣ್ಣನೆಯ ಎರಡು ಚಮಚವೇ ಹಿತ.

ಉಳಿದವು ಬೇಗ ಮುಗಿಯುತ್ತವೆ. ತೊಂಡೆಕಾಯಿಯನ್ನು ಹಿಂದಿನ ರಾತ್ರಿ ಉದ್ದಕ್ಕೆ ಸೀಳಿ ಡಬ್ಬಿಯಲ್ಲಿಡಿ, ಗೇರುಬೀಜವನ್ನು ಮಧ್ಯಾಹ್ನ ನೀರಿನಲ್ಲಿ ನೆನೆಹಾಕಿ. ಸಾಸಿವೆ, ಒಣಮೆಣಸಿನ ಒಗ್ಗರಣೆಯಲ್ಲಿ ಎರಡನ್ನೂ ಮುಚ್ಚಿ ಬೇಯಿಸಿ ಮೇಲೆ ಕಾಯಿತುರಿ ಉದುರಿಸಿದರೆ ಆಯಿತು. ನೋಡಲು ಮದುವೆ ಮನೆಯ ಪಲ್ಯ, ಮಾಡಲು ದಿನದ ಪಲ್ಯದಷ್ಟೇ ಕೆಲಸ. ಕೋಸಂಬರಿಗೆ ಹೆಸರುಬೇಳೆ ಒಂದು ಗಂಟೆ ನೆನೆದರೆ ಸಾಕು. ಸೌತೆಕಾಯಿ ಜೊತೆ ಒಂದು ಹಿಡಿ ದಾಳಿಂಬೆ ಕಾಳು ಹಾಕಿ, ಸೊಲ್ಲಾಪುರದ ಒಳ್ಳೆಯ ದಾಳಿಂಬೆ ಇಲ್ಲಿನ ಮಾರುಕಟ್ಟೆಯಲ್ಲಿ ಯಾವಾಗಲೂ ಇರುತ್ತದೆ, ಆ ಕೆಂಪು ಕಾಳಿಗೆ ಇಡೀ ಎಲೆ ಹೊಳೆಯುತ್ತದೆ. ಉಪ್ಪು, ನಿಂಬೆರಸ ಮಾತ್ರ ಬಡಿಸುವ ಹೊತ್ತಿಗೆ. ಮೊದಲೇ ಹಾಕಿದರೆ ನೀರು ಬಿಡುತ್ತದೆ.

ಅನ್ನಕ್ಕೆ ಬಾಸ್ಮತಿ ಬೇಡ ಅನ್ನುತ್ತೇನೆ. ಪುಣೆ ಕಡೆಯ ಅಂಬೆಮೋಹರ್ ಅಕ್ಕಿ ತನ್ನಿ. ಸಣ್ಣ ಕಾಳು, ಬೆಂದಾಗ ಮಾವಿನ ಹೂವಿನ ಪರಿಮಳ, ಸ್ವಲ್ಪ ಅಂಟಂಟಾಗಿ ಮೃದುವಾಗಿ ಆಗುತ್ತದೆ. ಮರಾಠಿಯವರು ವರಣ-ಭಾತಿಗೆ, ಅಂದರೆ ಅವರ ಬೇಳೆ-ಅನ್ನಕ್ಕೆ, ಇದನ್ನೇ ಇಷ್ಟಪಡುತ್ತಾರೆ, ನಮ್ಮ ತೊವ್ವೆಗೂ ಇದಕ್ಕಿಂತ ಒಳ್ಳೆಯ ಜೋಡಿ ನಾನು ಕಂಡಿಲ್ಲ. ಪೋಳಿಯೂ ಇದ್ದರೆ ಎಂಟು ಜನಕ್ಕೆ ಎರಡೂವರೆ ಕಪ್ ಅಕ್ಕಿ, ಒಂದೂವರೆ ಕಪ್ ತೊಗರಿಬೇಳೆ ಸಾಕಾಗುತ್ತದೆ. ಬೇಳೆಯನ್ನು ಬೆಳಗ್ಗೆಯೇ ಬೇಯಿಸಿ. ಮೇಲಿನ ತಿಳಿ ಕಟ್ಟನ್ನು ತೆಗೆದು ಅದರಿಂದಲೇ ಸಾರು ಮಾಡಿ, ಕೆಳಗಿನ ಗಟ್ಟಿ ಬೇಳೆ ತೊವ್ವೆಗೆ. ಒಂದೇ ಕುಕ್ಕರಿನಲ್ಲಿ ಎರಡು ಬಗೆ ಆಯಿತಲ್ಲ! ಸಾರನ್ನು ಎಲೆಗೆ ಬಡಿಸಬೇಡಿ. ನೆಂಟರು ಬಂದು ಚಪ್ಪಲಿ ಬಿಟ್ಟು ಕೂತ ಕೂಡಲೇ ಸಣ್ಣ ಲೋಟದಲ್ಲಿ ಬಿಸಿಬಿಸಿ ಕೊಡಿ, ಕಾಳುಮೆಣಸು ಜೀರಿಗೆ ಸ್ವಲ್ಪ ಮುಂದಾಗಿರಲಿ. ದೂರದಿಂದ ರೈಲಿನಲ್ಲಿ ನಿಂತುಕೊಂಡು ಬಂದವರಿಗೆ ತಣ್ಣನೆಯ ಬಾಟಲಿ ಪಾನೀಯಕ್ಕಿಂತ ಇದು ಎಷ್ಟೋ ಮೇಲು, ಹಸಿವೂ ಹುಟ್ಟುತ್ತದೆ, ತಡವಾಗಿ ಬರುವವರನ್ನು ಕಾಯುವಾಗ ಉಳಿದವರಿಗೆ ಕೈಯಲ್ಲಿ ಏನಾದರೂ ಇದ್ದಂತೆಯೂ ಆಗುತ್ತದೆ.

ಸಂಜೆ ಉಳಿಯುವ ಕೆಲಸ ನೋಡಿ. ಒಂದು ಒಲೆಯಲ್ಲಿ ಅನ್ನ, ಇನ್ನೊಂದರಲ್ಲಿ ಪಲ್ಯ. ಅದು ಮುಗಿದ ಮೇಲೆ ಸಾರು ಮತ್ತು ತೊವ್ವೆ ಬಿಸಿ ಮಾಡಿ ಒಗ್ಗರಣೆ. ಮೆಣಸ್ಕಾಯಿಯನ್ನು ಒಂದು ಗಂಟೆ ಮೊದಲು ಫ್ರಿಜ್ಜಿನಿಂದ ತೆಗೆದು ಒಂದು ಕುದಿ ಬರಿಸಿಟ್ಟರೆ ಸಾಕು, ಅದನ್ನು ಸುಡುಸುಡು ತಿನ್ನಬೇಕಾಗಿಲ್ಲ. ಒಟ್ಟು ಒಂದು ಗಂಟೆಯ ಕೆಲಸ. ಸ್ನಾನ ಮಾಡಿ ಒಳ್ಳೆಯ ಸೀರೆ ಉಟ್ಟುಕೊಳ್ಳಲು ಸಮಯ ಉಳಿಯುತ್ತದೆ.

ಮುಂಬೈಯಲ್ಲಿ ಊಟಕ್ಕೆ ಕರೆಯುವವರು ಇನ್ನೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನೆರೆಮನೆಯವರು ಜೈನರಾಗಿದ್ದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ, ಕ್ಯಾರೆಟ್, ಹಸಿ ಶುಂಠಿ ಯಾವುದೂ ಆಗುವುದಿಲ್ಲ. ಮೇಲಿನ ಆರರಲ್ಲಿ ಇವು ಒಂದೂ ಇಲ್ಲ ಅನ್ನುವುದನ್ನು ಗಮನಿಸಿ. ಅವರಿಗಾಗಿ ಬೇರೆ ಪಾತ್ರೆ, ಬೇರೆ ಅಡುಗೆ ಮಾಡಿ ಅವರನ್ನು ಬೇರೆ ಕೂರಿಸುವ ಪ್ರಶ್ನೆಯೇ ಬರುವುದಿಲ್ಲ, ಎಲ್ಲರೂ ಒಂದೇ ಊಟ ಮಾಡಬಹುದು. ಆದರೆ ಕಟ್ಟುನಿಟ್ಟಿನವರು ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ, ಹಸಿ ಮೊಸರನ್ನೂ ಬೇಳೆಯನ್ನೂ ಒಟ್ಟಿಗೆ ತಿನ್ನುವುದಿಲ್ಲ. ದೀಪಾವಳಿಯ ಹೊತ್ತಿಗೆ ಇಲ್ಲಿ ಆರು ಗಂಟೆಯ ಸುಮಾರಿಗೇ ಸೂರ್ಯ ಮುಳುಗುತ್ತದೆ. ಅಂಥವರನ್ನು ಐದು ಗಂಟೆಗೇ ಕರೆಯಿರಿ, ಅಥವಾ ಮೊದಲೇ ಕೇಳಿಕೊಂಡು ಅವರ ಮನೆಗೇ ಕಳಿಸಿ. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ, ಅವರಿಗೆ ಖುಷಿಯೇ ಆಗುತ್ತದೆ. ಗೋಧಿ ಆಗದವರು ಬರುವುದಿದ್ದರೆ ಹಿಂಗಿನ ಡಬ್ಬಿ ತಿರುಗಿಸಿ ನೋಡಿ, ಅಂಗಡಿಯ ಹಿಂಗಿನ ಪುಡಿಯಲ್ಲಿ ಹೆಚ್ಚಾಗಿ ಗೋಧಿಹಿಟ್ಟೋ ಮೈದಾವೋ ಬೆರೆಸಿರುತ್ತಾರೆ. ಹಾಲು ತುಪ್ಪ ಬಿಟ್ಟ ಹುಡುಗರು ಈಗ ಎಲ್ಲ ಮನೆಯಲ್ಲೂ ಒಬ್ಬರಾದರೂ ಇದ್ದಾರೆ. ತೊವ್ವೆಯ ತುಪ್ಪವನ್ನು ಬೇರೆ ಬಟ್ಟಲಿನಲ್ಲಿಟ್ಟು ಒಗ್ಗರಣೆಯನ್ನು ಎಣ್ಣೆಯಲ್ಲಿ ಮಾಡಿದರೆ ಶ್ರೀಖಂಡ ಒಂದನ್ನು ಬಿಟ್ಟು ಉಳಿದೆಲ್ಲ ಅವರಿಗೂ ನಡೆಯುತ್ತದೆ, ಅವರಿಗೆ ನಾಲ್ಕು ಹೋಳು ಹಣ್ಣು ಕೊಡಿ.

ಇನ್ನು ಚೆಂದದ ಮಾತು. ದುಬಾರಿ ಪಿಂಗಾಣಿ ಬೇಕಾಗಿಲ್ಲ. ಮಾಟುಂಗದ ಮಾರುಕಟ್ಟೆಯಲ್ಲಿ ಬಾಳೆ ಎಲೆ ಸಿಗುತ್ತದೆ, ಮನೆಯಲ್ಲಿ ಉದ್ದದ ಎಲೆ ಹಾಕುವಷ್ಟು ಜಾಗ ಇಲ್ಲದಿದ್ದರೆ ತಟ್ಟೆಯ ಅಳತೆಗೆ ಗುಂಡಗೆ ಕತ್ತರಿಸಿ ಸ್ಟೀಲ್ ತಟ್ಟೆಯಲ್ಲೇ ಇಡಿ. ಒರಟಾಗಿದ್ದರೆ ಒಲೆಯ ಉರಿಯ ಮೇಲೆ ಒಮ್ಮೆ ಆಡಿಸಿದರೆ ಮೆತ್ತಗಾಗುತ್ತದೆ, ಸೀಳುವುದಿಲ್ಲ. ಪೂರ್ತಿ ಎಲೆ ಹಾಕುವುದಾದರೆ ಕುಡಿ ಉಣ್ಣುವವರ ಎಡಕ್ಕೆ ಬರಲಿ. ಹಸಿರು ಎಲೆಯ ಮೇಲೆ ಬಿಳಿ ಅನ್ನ, ಹಳದಿ ತೊವ್ವೆ, ಕೆಂಗಂದು ಮೆಣಸ್ಕಾಯಿ, ದಾಳಿಂಬೆಯ ಕೆಂಪು, ಇದಕ್ಕಿಂತ ಅಲಂಕಾರ ಯಾಕೆ? ಕೋಣೆಯ ಟ್ಯೂಬ್‌ಲೈಟ್ ಆರಿಸಿ ಹಳದಿ ದೀಪ ಹಾಕಿ, ಹಣತೆಗಳು ಕಿಟಕಿಯ ಕಡೆ ಇರಲಿ. ಊದುಬತ್ತಿ, ಪರಿಮಳದ ಮೇಣದಬತ್ತಿ ಊಟದ ಹತ್ತಿರ ಬೇಡವೇ ಬೇಡ. ತುಪ್ಪದ, ಅಂಬೆಮೋಹರಿನ ಘಮ ಮೂಗಿಗೆ ಬರುವಂತಿರಬೇಕು.

ಮಾಟುಂಗದ ಹೆಸರು ಬಂದಾಗ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ನೆನಪಾಗುತ್ತದೆ. 1942ರಲ್ಲಿ ಶುರುವಾದ ಆ ಊಟದ ಮನೆಯಲ್ಲಿ ಇವತ್ತಿಗೂ ಬಾಳೆ ಎಲೆಯ ಊಟಕ್ಕೆ ಜನ ಕಾದು ನಿಲ್ಲುತ್ತಾರೆ. ಅಲ್ಲಿ ಸಿಗುವುದು ಸಾರು, ಹುಳಿ, ಪಲ್ಯ, ಅನ್ನ, ಮೊಸರು, ಹಪ್ಪಳದಂಥ ಊಟವೇ. ಭಾಷೆ ಗೊತ್ತಿಲ್ಲದ ಗುಜರಾತಿ, ಮರಾಠಿ, ಪಂಜಾಬಿ ಮನೆಗಳವರೂ ಅದಕ್ಕಾಗಿ ಮೆಟ್ಟಿಲ ಮೇಲೆ ಸಾಲು ನಿಲ್ಲುತ್ತಾರೆ ಅಂದಮೇಲೆ ನಮ್ಮ ಮನೆಗೆ ಬರುವ ನೆಂಟರಿಗೆ ಅದೇ ಊಟ ಬಡಿಸಲು ನಾವು ಯಾಕೆ ಹಿಂಜರಿಯಬೇಕು?

ಬಡಿಸುವುದನ್ನು ಮಕ್ಕಳಿಗೆ, ಗಂಡಸರಿಗೆ ಬಿಡಿ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಡಿಸುವುದು ಎಂಟು ವರ್ಷದ ಮಕ್ಕಳಿಂದಲೂ ಆಗುತ್ತದೆ. ಅವರು ಹಾಗೆಯೇ ಕಲಿಯುವುದು. ಒಂದು ಸುತ್ತು ಬಡಿಸಿ ಪಾತ್ರೆಗಳನ್ನು ನಡುವೆ ಇಟ್ಟು ಎಲ್ಲರೂ ಕೂತುಬಿಡಿ, ಬೇಕಾದವರು ಕೇಳಿ ಹಾಕಿಸಿಕೊಳ್ಳುತ್ತಾರೆ. ಅಡುಗೆ ಮಾಡಿದವರು ಮೊದಲ ಪಂಕ್ತಿಯಲ್ಲೇ ಕೂರಬೇಕು. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ನಮ್ಮ ಅಮ್ಮಂದಿರು, ಅತ್ತೆಯಂದಿರು ಹಬ್ಬದ ದಿನ ಎಲ್ಲರೂ ಎದ್ದ ಮೇಲೆ ತಣ್ಣಗಾದದ್ದನ್ನು ತಿಂದೇ ಮುಗಿಸಿದರು. ಅದನ್ನೇ ಸಂಪ್ರದಾಯ ಅಂತ ಮುಂದುವರಿಸುವುದು ಬೇಡ. ಎಂಟು ಗಂಟೆಗೆ ಎಲೆ ಹಾಕಿದರೆ ಒಂಬತ್ತೂವರೆಗೆ ಮುಗಿಯುತ್ತದೆ, ಎಲೆಗಳನ್ನು ಮಡಿಚಿ ಹಸಿ ಕಸಕ್ಕೆ ಹಾಕಿದರೆ ತೊಳೆಯಲು ನಾಲ್ಕು ಪಾತ್ರೆ, ದೂರದವರು ಗಡಿಬಿಡಿಯಿಲ್ಲದೆ ರೈಲು ಹಿಡಿಯುತ್ತಾರೆ.

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ಈ ಸಲದ ಪುರವಣಿ ಅಚ್ಚಿಗೆ ಹೋಗುವ ಮೊದಲು ಅಡುಗೆ ಪುಟದಲ್ಲಿ ಅರ್ಧ ಪುಟವನ್ನು ಪೂರ್ತಿ ಒಂದು ಊಟಕ್ಕೆ ಬಿಡಿ. ಎಷ್ಟು ಜನಕ್ಕೆ, ಎಷ್ಟು ಅಳತೆ, ಹಿಂದಿನ ದಿನ ಏನು, ಆ ಸಂಜೆ ಏನು, ಸಾಮಾನು ಇಲ್ಲಿ ಎಲ್ಲಿ ಸಿಗುತ್ತದೆ, ಇಷ್ಟು ಇರಲಿ. ನಾನು ಬರೆದದ್ದೇ ಹಾಕಿ ಅನ್ನುವುದಿಲ್ಲ. ಧಾರವಾಡ, ಬಿಜಾಪುರ ಕಡೆಯವರು ಇಲ್ಲಿ ತುಂಬ ಇದ್ದಾರೆ, ಅವರು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯಲ್ಲಿ ಇಂಥದೇ ಒಂದು ಊಟ ಕಟ್ಟಿ ಕೊಡಬಹುದು. ಮೈಸೂರು ಕಡೆಯವರು ಬಿಸಿಬೇಳೆಬಾತ್ ಇಟ್ಟು ಕಟ್ಟಬಹುದು. ಪುಣೆಯಿಂದ, ಗೋವಾದಿಂದಲೂ ಓದುಗರು ಕಳಿಸಲಿ. ಪ್ರತಿ ಹಬ್ಬಕ್ಕೂ ಒಂದೊಂದು ಊರಿನ ಊಟ ಹೀಗೆ ಬಂದರೆ ಕತ್ತರಿಸಿ ಇಟ್ಟುಕೊಳ್ಳಲು ನಾನಂತೂ ಕತ್ತರಿ ಹಿಡಿದು ಕಾದಿರುತ್ತೇನೆ.

ಇಂತಿ,
ನಿಮ್ಮ ಓದುಗಳು
ಡೊಂಬಿವಿಲಿ ಪೂರ್ವ